ಹಿಂಬಾಗಿಲಿನ ಮರ್ಯಾದೆ

ನಾನು ಮೊದಲ ಸಲ ಮನೆ ಬಿಟ್ಟು ಹೊರಟದ್ದು ಒಂದು ಬುಧವಾರ, ಶಾಲೆಯಲ್ಲಿ ಮಗ್ಗಿ ಒಪ್ಪಿಸಬೇಕಾಗಿದ್ದ ದಿನ. ಆಮೇಲೆ ಊರೂರು ಅಲೆಯುತ್ತ, ಹೆಸರು ಹೇಳಬೇಕಾಗಿಲ್ಲದ ಒಂದು ಪಟ್ಟಣಕ್ಕೆ ಬಂದೆ. ಅಲ್ಲೊಬ್ಬ ಧಣಿ ಉತ್ತು ಸೋತ ಎತ್ತುಗಳನ್ನು ಕೊಂಡು, ಚೆನ್ನಾಗಿ ತಿನ್ನಿಸಿ, ಮೈ ತುಂಬಿದ ಮೇಲೆ ಕಟುಕರಿಗೆ ಕೊಡುತ್ತಿದ್ದ. ತೊಟ್ಟಿಗೆ ಹಿಂಡಿ, ಬೂಸಾ ಸುರಿಯುವ ಕೆಲಸ ನನಗೆ ಸಿಕ್ಕಿತು.

ಆ ಕೊಟ್ಟಿಗೆಗೆ ಎರಡು ಬಾಗಿಲು. ಮುಂದಿನದು ಬೀದಿಗೆ, ಹಿಂದಿನದು ಕಟುಕರ ಅಂಗಳಕ್ಕೆ. ಹಿಂದಿನದು ಎಲ್ಲಿಗೆ ಎಂಬುದು ಎತ್ತುಗಳಿಗೆ ತಿಳಿಯದು. ತಿಂದು ಮೈ ತುಂಬಿಕೊಂಡವರಿಗಷ್ಟೇ ತೆರೆಯುವ ಬಾಗಿಲು ಅಂದಮೇಲೆ ಅದು ಮರ್ಯಾದೆಯ ಬಾಗಿಲೇ ಇರಬೇಕು ಎಂದುಕೊಂಡಿದ್ದವು.

ಒಂದು ದಿನ ಕೆಂದ, ಮಾಸ ಎಂಬ ಜೋಡೆತ್ತು ಬಂದವು. ಬದುಕೆಲ್ಲ ಒಂದೇ ನೊಗಕ್ಕೆ ಹೆಗಲು ಕೊಟ್ಟವು. ಮಾಸ ತೊಟ್ಟಿಗೆ ಇಟ್ಟ ಬಾಯಿ ತೆಗೆಯಲಿಲ್ಲ. ಕೆಂದ ಮೂಸಿ ನೋಡಿ ಹಿಂದೆ ಸರಿದ.

"ಕೆಲಸ ಹೇಳದೆ ಇಷ್ಟು ಹಾಕ್ತಾರಲ್ಲ, ಯಾಕೆ?" ಎಂದ.

"ದುಡಿದದ್ದಕ್ಕೆ ಈಗ ಕೊಡ್ತಿದ್ದಾರೆ. ಸುಮ್ಮನೆ ತಿನ್ನೋ," ಎಂದ ಮಾಸ.

"ನಾವು ಬಂದಮೇಲೆ ಹಿಂದಿನ ಬಾಗಿಲಲ್ಲಿ ಹೋದವರು ಒಬ್ಬರೂ ವಾಪಸ್ ಬಂದಿಲ್ಲ."

"ಅಂಥ ಚೆಂದದ ಜಾಗ ಬಿಟ್ಟು ಯಾರು ಬರ್ತಾರೆ?"

ಕೊಟ್ಟಿಗೆಯೆಲ್ಲ ನಕ್ಕಿತು. ಕೆಂದ ನನ್ನ ಕಡೆ ತಿರುಗಿದ. "ಅಣ್ಣಾ, ನಿನಗೆ ಗೊತ್ತಿದೆ. ಇವನೊಬ್ಬನಿಗಾದರೂ ಹೇಳು."

"ನನ್ನದು ಸುರಿಯೋ ಕೆಲಸ," ಎಂದೆ.

ಅಂದಿನಿಂದ ಕೆಂದ ಗೆಳೆಯನ ತೊಟ್ಟಿಗೆ ಅಡ್ಡ ನಿಲ್ಲತೊಡಗಿದ. ಮಾಸ ಬಡಕಲಾಗಿದ್ದಷ್ಟು ದಿನ ಉಳಿದಾನು ಎಂಬುದು ಅವನ ಆಸೆ. ಮಾಸ ಮೊದಲು ಗದರಿದ, ಆಮೇಲೆ ಕೊಂಬಿನಿಂದ ತಿವಿದ. ಕೊನೆಗೆ ಎತ್ತುಗಳೆಲ್ಲ ಸೇರಿ ಧಣಿಗೆ ದೂರು ಕೊಟ್ಟವು: "ಇವನ ಮಾತು ಕೇಳಿ ಕೇಳಿ ತಿಂದದ್ದು ಮೈಗೆ ಹತ್ತುತ್ತಿಲ್ಲ."

"ಅಷ್ಟೇ ತಾನೆ? ಇವತ್ತೇ ಹಿಂಬಾಗಿಲಲ್ಲಿ ಕಳಿಸಿದರಾಯಿತು," ಎಂದ ಧಣಿ.

ಎತ್ತುಗಳು ಕೆರಳಿದವು. ಮಾಸನೇ ಮುಂದೆ ಬಂದು ಹೇಳಿದ: "ಧಣೀ, ಈ ಮೂಳೆಚಕ್ಕಳಕ್ಕೆ ಆ ಮರ್ಯಾದೆಯೇ? ಮತ್ತೆ ನಾವು ಇಷ್ಟು ದಿನ ತಿಂದದ್ದು ಯಾಕೆ? ಇವನನ್ನು ಬೀದಿಗೆ ಅಟ್ಟಿ. ಇಲ್ಲವೇ ನಾವು ತೊಟ್ಟಿ ಮುಟ್ಟುವುದಿಲ್ಲ."

ಒಂದು ಬಡಕಲು ಎತ್ತಿಗಾಗಿ ಇಡೀ ಕೊಟ್ಟಿಗೆ ಸೊರಗುವುದು ಧಣಿಗೆ ಬೇಕಿರಲಿಲ್ಲ. ಬೀದಿಯ ಬಾಗಿಲು ತೆರೆಸಿದ. ಕೆಂದ ಹೊಸ್ತಿಲಲ್ಲಿ ನಿಂತು, "ನೀನೂ ಬಾರೋ," ಎಂದ. ಮಾಸ ಮುಖ ತಿರುಗಿಸಿದ. ಉಳಿದವು ಹಿಂದಿನಿಂದ ನೂಕಿದವು.

ಸ್ವಲ್ಪ ದಿನಕ್ಕೆ ಮಾಸನ ಸರದಿ ಬಂತು. ಕಡಿಯುವ ಮುನ್ನಾದಿನ ಮೇವಿಲ್ಲ, ಬರಿ ನೀರು. ಆ ಕಸುಬಿನ ಪದ್ಧತಿ ಅದು. "ಓ, ಉಪವಾಸವೋ," ಎಂದು ಮಾಸ ವ್ರತ ಹಿಡಿದವನ ಹಾಗೆ ಶಾಂತವಾಗಿ ನಿಂತ. ನಾನು ಮೂಲೆಯಲ್ಲಿ ಕೂತು ಚೀಲಕ್ಕೆ ಬಟ್ಟೆ ತುಂಬುತ್ತಿದ್ದೆ.

"ಹೊರಟೆಯೇನಣ್ಣ? ದಾರೀಲಿ ಕೆಂದ ಸಿಕ್ಕರೆ ನನ್ನ ಇವತ್ತಿನ ಪಾಲು ಅವನಿಗೆ ಕೊಟ್ಟುಬಿಡು," ಎಂದ ಮಾಸ. "ಪಾಪ, ಹೊರಗೆ ಹೇಗೆ ಬದುಕ್ತಾನೋ."

ನಾನು ಬಟ್ಟೆಯ ಮೇಲೆ ಹಿಂಡಿ ಇಟ್ಟು ಚೀಲದ ಬಾಯಿ ಕಟ್ಟಿದೆ.