ಐದಕ್ಷರದ ಗೋಡೆ

“ಆ ಎಸ್ ಮೇಲೆ ಕೂರಬೇಡಿ, ಅಂಚು ಚೂಪಿದೆ. ಇಲ್ಲಿ ಬನ್ನಿ, ಓ ಮೇಲೆ,” ಎಂದು ಮಗಳು ಗಡಿಯಾರ ರಿಪೇರಿಯವರ ತೋಳು ಹಿಡಿದು ಎಬ್ಬಿಸಿದಳು.

ಅಪ್ಪನನ್ನು ಮಣ್ಣು ಮಾಡಿ ಬಂದವರಿಗೆಲ್ಲ ಆಗುವಷ್ಟು ಕುರ್ಚಿಗಳು ಮನೆಯಲ್ಲಿರಲಿಲ್ಲ. ಹಿಂದಿನ ಶೆಡ್ಡಿನಲ್ಲಿ ಅವನು ಕತ್ತರಿಸಿ, ಉಜ್ಜಿ, ಒರಗಿಸಿಟ್ಟ ತಗಡಿನ ಇಂಗ್ಲಿಷ್ ಅಕ್ಷರಗಳಿದ್ದವು. ಡಬ್ಬಿಯಂತೆ ದಪ್ಪವಿದ್ದ ದೊಡ್ಡವನ್ನು ಮಲಗಿಸಿ ಜನ ಶೆಡ್ಡಿನಲ್ಲೇ ಅವುಗಳ ಮೇಲೆ ಕೂತರು. ದೊಡ್ಡಪ್ಪ ಒಂದು ಇ ಮೇಲೆ ಜಾಗ ಹಿಡಿದಿದ್ದ. ಅಮ್ಮ ಮಾತ್ರ ಬಾಗಿಲಲ್ಲಿ ನಿಂತೇ ಇದ್ದಳು. ಬೆಳಗಿನಿಂದ ಅವಳು ಬಾಯಿ ಬಿಟ್ಟಿರಲಿಲ್ಲ.

“ನಿಮ್ಮಪ್ಪ ನನಗೆ ಮಾಡಿದ್ದು ಗೊತ್ತಲ್ಲ,” ಎಂದರು ಗಡಿಯಾರದವರು. “ಆಸ್ಪತ್ರೆಯಿಂದ ಬಂದು ನೋಡ್ತೀನಿ, ನನ್ನ ಅಂಗಡಿ ಮೇಲೆ ‘ವಾಚ್’ ಅಂತಿದ್ದದ್ದು ‘ಮ್ಯಾಚ್’ ಆಗಿದೆ. ನಾನು ಹೋಗೇಬಿಟ್ಟೆ ಅಂತ ಮಾಲೀಕ ಬೇರೆಯವರಿಗೆ ಬಾಡಿಗೆ ಕೊಟ್ಟಿದ್ದ. ನಿಮ್ಮಪ್ಪ ಡಬ್ಲ್ಯೂನ ತಲೆಕೆಳಗು ಮಾಡಿ ಎಂ ಮಾಡ್ಬಿಟ್ಟಿದ್ದ. ಒಳಗೆ ಮದುವೆ ಕುದುರಿಸೋ ಆಫೀಸು.”

“ಆಮೇಲೆ?” ಎಂದರು ಯಾರೋ, ಕತೆ ಗೊತ್ತಿದ್ದೂ.

“ಆಮೇಲೇನು, ಜಗಳಕ್ಕೆ ಅಂತ ಹೋದೋನು ಹೆಣ್ಣು ಒಪ್ಕೊಂಡು ಬಂದೆ.”

“ಅನ್ಯಾಯ ಆಗಿದ್ದು ನನಗೆ,” ಎಂದಳು ಪಕ್ಕದ ಎಲ್ ಮೇಲಿದ್ದ ಅವರ ಹೆಂಡತಿ.

ಎಲ್ಲರೂ ನಕ್ಕರು. ನಕ್ಕದ್ದಕ್ಕೆ ನಾಚಿ ಅಮ್ಮನ ಕಡೆ ನೋಡಿದರು. ಅಮ್ಮ ಮೂಲೆಯಲ್ಲಿ ಬಟ್ಟೆ ಹೊದಿಸಿದ್ದ, ತಗಡು ಕತ್ತರಿಸುವ ಯಂತ್ರವನ್ನು ನೋಡುತ್ತಿದ್ದಳು.

*

ಹೊಸ ಬೋರ್ಡು ಮಾಡಿಸುವ ಶಕ್ತಿಯಿಲ್ಲದವರು ಯಾರಾದರೂ ಅಂಗಡಿ ಹಿಡಿದರೆ ಅಪ್ಪ ಅದರ ಮುಂದೆ ಹೋಗಿ ನಿಲ್ಲುತ್ತಿದ್ದ. ಗೋಡೆಯ ಮೇಲೆ ಹಿಂದಿನವರು ಬಿಟ್ಟುಹೋದ ಅಕ್ಷರಗಳಿರುತ್ತಿದ್ದವು, ಅವಕ್ಕೆಂದು ಕೊರೆದ ತೂತುಗಳಿರುತ್ತಿದ್ದವು. ಹೊಸ ಹೆಸರು ಅಷ್ಟೇ ಅಕ್ಷರದ್ದಾಗಬೇಕು. ಆದಷ್ಟೂ ಹಳೆಯ ಅಕ್ಷರಗಳೇ ಸಾಗಬೇಕು. ಬ್ರೆಡ್ಡಿನ ಅಂಗಡಿ ಕ್ಷೌರದವನ ಕೈಗೆ ಬಂದಾಗ ಚೂರು ತಗಡೂ ಖರ್ಚಾಗದೆ, ಅವೇ ಐದು ಇಂಗ್ಲಿಷ್ ಅಕ್ಷರಗಳು ಜಾಗ ಬದಲಿಸಿ, ‘ಬ್ರೆಡ್’ ಹೋಗಿ ‘ಬಿಯರ್ಡ್’ ಆಯಿತು. ‘ಸ್ಟೋವ್’ ಚುನಾವಣೆಗೆ ನಿಂತವನೊಬ್ಬನಿಗಾಗಿ ‘ವೋಟ್ಸ್’ ಆಯಿತು, ಅವನು ಸೋತ ಮೇಲೆ ಮತ್ತೆ ‘ಸ್ಟೋವ್’.

ಇದಕ್ಕೆ ಪದಗಳು ಬೇಕು. ಅವು ಮಗಳ ಪಾಲಿನ ಕೆಲಸ.

“ಐದಕ್ಷರ. ಎ ಇರಬೇಕು, ಆರ್ ಇರಬೇಕು,” ಎನ್ನುತ್ತಿದ್ದ ಅಪ್ಪ ಊಟಕ್ಕೆ ಕೂತು.

“ಹಾರ್ಟ್. ಗ್ರೇಪ್. ಚೇರ್. ಬ್ರೇನ್.”

“ಬ್ರೇನ್ ಯಾರು ಮಾರ್ತಾರೆ?”

“ಇರಬೇಕು ಅಂದೆ ನೀನು. ಮಾರಬೇಕು ಅನ್ನಲಿಲ್ಲವಲ್ಲ.”

ಅಮ್ಮ ತಟ್ಟೆ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. ಯಂತ್ರ ಅಪ್ಪನ ಬೆರಳಿನ ತುದಿ ತೆಗೆದುಕೊಂಡ ದಿನ ಅವಳು ಅವನ ಮುಂದೆ ನಿಂತು ಒಂದೇ ಮಾತು ಹೇಳಿದ್ದಳು: “ಇವಳನ್ನ ಅದರ ಹತ್ತಿರ ಬಿಟ್ಟರೆ ನಾನು ಈ ಮನೇಲಿರಲ್ಲ.” ಅಪ್ಪ ಬಿಡಲಿಲ್ಲ. ಪದ ಮಗಳದು, ತಗಡು ತನ್ನದು ಎಂದು ಕೊನೆಯವರೆಗೂ ನಡೆಸಿದ.

*

“ನೋಡಮ್ಮ,” ಎಂದು ದೊಡ್ಡಪ್ಪ ಬಾಗಿಲ ಕಡೆ ತಿರುಗಿದ. “ನಾಳೆ ಗುಜರಿಯವನಿಗೆ ಬಾ ಅಂದಿದ್ದೀನಿ. ಇದನ್ನೆಲ್ಲ ತೂಕಕ್ಕೆ ಹಾಕಿ ಶೆಡ್ಡು ಬಾಡಿಗೆಗೆ ಕೊಡೋಣ.”

“ಬೇಡ ದೊಡ್ಡಪ್ಪ. ನಾನು ನಡೆಸ್ತೀನಿ,” ಎಂದಳು ಮಗಳು.

“ಒಂದಾದ್ರೂ ಅಕ್ಷರ ಕತ್ತರಿಸಿದ್ದೀಯಾ?”

“ಇಲ್ಲ.”

“ಮತ್ತೆ? ನೀನು ಪದ ಹೇಳಿದ್ರೆ ತಗಡು ತಾನೇ ಕುಯ್ಕೊಳತ್ತಾ?”

ಮಗಳು ಅಮ್ಮನ ಕಡೆ ತಿರುಗಿದಳು. ಅಮ್ಮ ಹೂಂ ಎಂದರೆ ನಾಳೆ ಶೆಡ್ಡು ಬರಿದಾಗುತ್ತದೆ. ಅಮ್ಮ ಹೂಂ ಅನ್ನಲಿಲ್ಲ, ಊಹೂಂ ಎಂದೂ ಅನ್ನಲಿಲ್ಲ.

ಗೋಡೆ ಪಕ್ಕ ನಿಂತಿದ್ದ ಹೆಂಗಸೊಬ್ಬಳು ಚೀಲ ಹೆಗಲಿಗೇರಿಸಿದಳು. ಹಳೆಯ ಇಸ್ತ್ರಿ ಅಂಗಡಿಯೊಂದನ್ನು ಹೊಸದಾಗಿ ಬಾಡಿಗೆಗೆ ಹಿಡಿದಿದ್ದ ದರ್ಜಿ ಅವಳು. ಅಲ್ಲಿನ ‘ಪ್ರೆಸ್’ ಅನ್ನು ‘ಡ್ರೆಸ್’ ಮಾಡಲು ಅಪ್ಪ ಪಿಯನ್ನು ಬಿಚ್ಚಿ ತಂದವನು ಡಿ ಕತ್ತರಿಸುವ ಮೊದಲೇ ಹೋಗಿಬಿಟ್ಟಿದ್ದ.

“ಬೋರ್ಡ್ ವಿಷಯ ತಲೆಗೆ ಹಚ್ಕೋಬೇಡ,” ಎಂದಳು ದರ್ಜಿ. “ನಾಳೆ ಹಾಗೇ ಬಾಗಿಲು ತೆಗೀತೀನಿ.”

“ಸಂಜೆ ತರ್ತೀನಿ,” ಎಂದಳು ಮಗಳು.

“ಇವತ್ತೇ?” ಎಂದ ದೊಡ್ಡಪ್ಪ. “ಜನ ಏನಂದಾರು?”

“ಜನ ಎಲ್ಲ ಇಲ್ಲೇ ಕೂತಿದ್ದೀವಿ,” ಎಂದರು ಗಡಿಯಾರದವರು. “ಏನೂ ಅನ್ನಲ್ಲ.”

*

ಬಂದವರು ಹೋದ ಮೇಲೆ ಅವಳು ಯಂತ್ರದ ಮೇಲಿನ ಬಟ್ಟೆ ತೆಗೆದಳು. ಅಮ್ಮ ಇನ್ನೂ ಬಾಗಿಲಲ್ಲೇ ಇದ್ದಳು. ಮಗಳು ಅವಳ ಮುಖ ನೋಡಲಿಲ್ಲ. ನೋಡಿದ್ದರೆ ಕೈ ನಿಲ್ಲುತ್ತಿತ್ತು.

ಮೊದಲ ಡಿಯ ಬೆನ್ನು ನೆಟ್ಟಗೆ ಬಂತು, ತಿರುವಿನಲ್ಲಿ ಅಲಗು ಜಾರಿ ಅಕ್ಷರದ ಹೊಟ್ಟೆ ಸೀಳಿತು. ಕಿಡಿ ಹಾರಿ ಕೆನ್ನೆಗೆ ಬಡಿಯಿತು. ಅವಳು ಯಂತ್ರ ನಿಲ್ಲಿಸಿ ಉಸಿರು ಬಿಟ್ಟಳು. ಹಿಂದೆ ಹೆಜ್ಜೆಯ ಸದ್ದಾಯಿತು. ಈಗ ಅಮ್ಮ ಪ್ಲಗ್ ಕೀಳುತ್ತಾಳೆ ಎಂದುಕೊಂಡಳು.

“ಕನ್ನಡಕ ಹಾಕ್ಕೋ,” ಎಂದಳು ಅಮ್ಮ. ಅದು ಆ ದಿನದ ಅವಳ ಮೊದಲ ಮಾತು.

ಎರಡನೆಯ ಡಿ ಕತ್ತರಿಸಿ ಮುಗಿಯುವವರೆಗೂ ಅವಳು ಅಲ್ಲಿಂದ ಕದಲಲಿಲ್ಲ. ಮಗಳ ಬೆರಳುಗಳ ಮೇಲಿನ ಕಣ್ಣನ್ನೂ ತೆಗೆಯಲಿಲ್ಲ.

ಸಂಜೆ ಇಬ್ಬರೂ ಹೋಗಿ ಅದನ್ನು ಗೋಡೆಗೆ ಬಿಗಿದರು. ಬೋಲ್ಟುಗಳು ಹಳೆಯ ತೂತಿಗೆ ಸರಿಯಾಗಿ ಕೂತವು. ಅಕ್ಷರ ಮಾತ್ರ ಉಳಿದ ನಾಲ್ಕಕ್ಕಿಂತ ಸ್ವಲ್ಪ ದಪ್ಪವಾಗಿತ್ತು.

“ಹೊಟ್ಟೆ ಬಂದಿದೆ ಅಲ್ವಾ?” ಎಂದಳು ಮಗಳು ಸಂಕೋಚದಿಂದ.

“ಬರ್ಲಿ ಬಿಡು,” ಎಂದಳು ದರ್ಜಿ. “ನನ್ನ ಹತ್ತಿರ ಬರೋರಿಗೆಲ್ಲ ಅದೇ ತೊಂದರೆ. ಧೈರ್ಯವಾಗಿ ಒಳಗೆ ಬರ್ತಾರೆ.”

ಅಮ್ಮ ಅಂಗಡಿಯೊಳಗೆ ಹೋಗಿ ಬಟ್ಟೆಯ ಥಾನುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ತೆಳುವಾದವನ್ನು ಬದಿಗೆ ಸರಿಸಿ, ಎಲ್ಲಕ್ಕಿಂತ ಒರಟಾದ ಒಂದನ್ನು ಹೊರಗೆಳೆದಳು.

“ಇವಳಿಗೊಂದು ಏಪ್ರನ್ ಹೊಲೀಬೇಕು. ಅವರದ್ದು ತೀರ ದೊಗಳೆ, ಯಂತ್ರಕ್ಕೆ ಸಿಕ್ಕೊಳತ್ತೆ.”

“ಯಾವಾಗ ಬೇಕು?”

“ಬೆಳಿಗ್ಗೆ. ಗುಜರಿಯವನು ಬರೋದ್ರೊಳಗೆ.”

ದರ್ಜಿ ಟೇಪು ತೆಗೆದಳು. ಇನ್ನೂ ಕನ್ನಡಿ ಹಾಕಿರದ ಅಂಗಡಿಯ ನಡುವೆ ಮಗಳು ಎರಡೂ ಕೈ ಎತ್ತಿ ನಿಂತಳು. ತಗಡಿನ ಪುಡಿ ಮೆತ್ತಿದ ಅವಳ ಜಡೆಯನ್ನು ಅಮ್ಮ ಮುಷ್ಟಿಯಲ್ಲಿ ಹಿಡಿದು, ಅಳತೆಗೆ ಅಡ್ಡ ಬಾರದಂತೆ, ಕತ್ತಿನಿಂದ ಮೇಲಕ್ಕೆತ್ತಿದಳು.