ಕರೆವ್ವನ ಹಾಡಿನ ಒಡಪು

ತಡಸದ ಹೊರಗೆ ಗೋವಿನಜೋಳದ ಹೊಲದಲ್ಲಿ ಮುದಕವ್ವ ಕಸ ತೆಗೆಯುತ್ತಿದ್ದಳು. ಮೊದಲಾದರೆ ಈ ಹೊಲದ ತುಂಬ ಹೆಂಗಸರ ಸಾಲು, ಸಾಲಿನ ತುಂಬ ಹಾಡು. ಈಗ ಧಣಿ ಕಸ ಸಾಯುವ ಔಷಧಿ, ಊರ ಬಾಯಲ್ಲಿ ಎಣ್ಣೆ, ಹೊಡೆಸುತ್ತಾನೆ. ಎಣ್ಣೆಗೂ ಸಾಯದೆ ಬದುವಿಗೆ ಉಳಿದ ಕಸಕ್ಕಷ್ಟೇ ಆಳು. ಕುರ್ಪಿ ಹಿಡಿದ ಅಂಗೈ ಬೊಬ್ಬೆಯೊಡೆದು, ಆ ಎಣ್ಣೆ ತಾಗಿ ಚುರುಗುಟ್ಟುತ್ತಿತ್ತು. ಉಡಿಯಲ್ಲಿದ್ದ ಫೋನು ಬಡಿದುಕೊಂಡಿತು.

"ಯವ್ವಾ, ಬೆನ್ನು ಬಗ್ಗಿಸಿ ಕಸ ಯಾಕ ತಗೀತಿ? ನಾ ನಿಮ್ಮ ಸುಗ್ಗಿ ಮಾತಾಡಾಕತ್ತೇನಿ. ನಮ್ಮ ಎಣ್ಣಿ ಒಮ್ಮೆ ಹೊಡದು ನೋಡು..."

ಮುದಕವ್ವನ ಕೈಯಿಂದ ಕುರ್ಪಿ ಜಾರಿತು. ಅದು ಅವಳ ಅಕ್ಕ ಕರೆವ್ವನ ದನಿ. ಕರೆವ್ವ ಮಣ್ಣಿಗೆ ಹೋಗಿ ಒಂದು ಮಳೆಗಾಲ ಕಳೆದಿತ್ತು.

"ಯಕ್ಕಾ! ಎಲ್ಲಿದ್ದಿಬೇ? ನಾ ಮುದಕವ್ವ!"

"ಹೆಚ್ಚಿನ ಮಾಹಿತಿಗೆ ಒಂದು ಒತ್ತಿರಿ," ಎಂದಿತು ಅಕ್ಕನ ದನಿ.

ಒತ್ತಿದಳು. ಮತ್ತೆ ಒತ್ತಿದಳು. ಅಕ್ಕ ಎಣ್ಣೆಯ ಸುದ್ದಿ ಬಿಟ್ಟು ಬೇರೆ ಮಾತಾಡಲಿಲ್ಲ. ಜೀವವಿದ್ದಾಗ ಕಸ ಕಿತ್ತು ಉಂಡವಳು ಸತ್ತ ಮೇಲೆ ತಂಗಿಯ ಅನ್ನ ಕೀಳಲು ಬಂದಿದ್ದಳು.

ಮರುದಿನ ಗಂಡನನ್ನು ಕರೆದುಕೊಂಡು ಶಿಗ್ಗಾಂವಿಗೆ, ಅಂಕಿತಾಳ ಮನೆಗೆ ಹೋದಳು. ಯಂತ್ರಕ್ಕೆ ಕನ್ನಡ ಕಲಿಸುವ ಕಂಪನಿಯೊಂದಕ್ಕೆ ಹಳ್ಳಿ ತಿರುಗಿ ದನಿ ಹಿಡಿದ ಹುಡುಗಿ ಅಂಕಿತಾ. ಅಕ್ಕತಂಗಿಯರ ಹಾಡುಗಳನ್ನು ಹಿಡಿದು, ಒಂದೊಂದರ ಕೆಳಗೂ ಹಾಡಿದವರ ಹೆಸರು ಬರೆದು, ಕಂಪನಿಯ ದೂರದ ಭಂಡಾರಕ್ಕೆ ಏರಿಸಿದ್ದಳು. ಹೆಸರು ತೆಗೆ ಎಂದರು, ತೆಗೆಯಲಿಲ್ಲ. ಕೆಲಸ ಹೋಯಿತು. ಕಂಪನಿಯ ಲ್ಯಾಪ್‌ಟಾಪನ್ನೂ ಕಸಿದುಕೊಂಡರು.

ಅಂಕಿತಾ ತನ್ನ ಹಳೆಯ ಕಂಪ್ಯೂಟರಿನಲ್ಲಿ ಭಂಡಾರ ತೆರೆದಳು. ಕನ್ನಡಕ್ಕೆ ಕಾಣಿಕೆ ಎಂದು ಕಂಪನಿ ಅದನ್ನು ಎಲ್ಲರಿಗೂ ಬಿಚ್ಚಿಟ್ಟಿತ್ತು. ಅವಳು ಕೂಡಿಸಿಟ್ಟ ಒಂದು ಕಮಿಟ್, ಅಂದರೆ ಒಮ್ಮೆಗೆ ಏರಿಸಿದ ಒಂದು ಗಂಟು ಕೂಡ ಕಾಣಲಿಲ್ಲ. ಹಳೆಯದನ್ನೆಲ್ಲ ತಳ್ಳಿ, ಹಾಡುಗಳನ್ನು ಕತ್ತರಿಸಿ ಬಿಡಿ ಮಾತು ಮಾಡಿ, ಮ್ಯಾನೇಜರ್ ಲೋಹಿತ ತನ್ನೊಬ್ಬನ ಹೆಸರಿನಲ್ಲಿ ತುಂಬಿದ್ದ. ಆ ಮಾತುಗಳಿಂದಲೇ ಎಣ್ಣೆ ಮಾರಲು ಕರೆ ಮಾಡುವ ಯಂತ್ರಕ್ಕೆ ದನಿ ಕೊಟ್ಟು, ಸುಗ್ಗಿ ಎಂದು ಹೆಸರಿಟ್ಟಿದ್ದ.

ಅವಳು ಲೋಹಿತನಿಗೆ ಫೋನು ಹಚ್ಚಿದಳು.

"ಸರ್, ಕರೆವ್ವನ ಹೆಸರು ಯಾಕ ತಗದ್ರಿ?"

"ಯಾವ ಕರೆವ್ವ? ಜನಪದಕ್ಕ ಹೆಸರೆಲ್ಲೀದವ್ವಾ? ಅದು ಎಲ್ಲಾರ ಆಸ್ತಿ."

ಮುದಕವ್ವ ಫೋನಿಗೆ ಬಾಗಿದಳು. "ಎಲ್ಲಾರದಾದ್ರ ನಿನ್ನ ಹೆಸರು ಯಾಕ ಐತೊ ತಮ್ಮಾ?"

"ಯಾರದು? ಏ, ಇದ್ರ ತೋರಸ್ರಿ. ನಮ್ಮ ಭಂಡಾರದಾಗ ಆ ಹೆಸರಿನವರು ಯಾರೂ ಇಲ್ಲ." ಫೋನು ಇಟ್ಟ.

ಮುದಕವ್ವ ಗೋಡೆಗೆ ತಲೆ ಆನಿಸಿದಳು. "ಅಕ್ಕನ್ನ ಎರಡ ಸಲ ಹೂಳಿದ್ರಲ್ಲೊ ಶಿವನ."

"ಇನ್ನಾ ಪೂರಾ ಹೋಗಿಲ್ಲ ದೊಡ್ಡವ್ವ," ಎಂದಳು ಅಂಕಿತಾ. "ಊರು ಹಂಗ ಇರತೈತಿ, ದಾರಿ ಅಷ್ಟ ಕಡದಾರ. ನನ್ನ ಕಡೀ ಕಮಿಟ್ಟಿಗೆ ಯಂತ್ರ ಇಟ್ಟ ಹೆಸರು ಹಿಡದು ಕೇಳಿದ್ರ ಭಂಡಾರ ಕೊಡತೈತಿ. ಆದ್ರ ದಿಕ್ಕಿಲ್ಲದ್ದನ್ನ ಯಂತ್ರ ಯಾವಾಗರ ಗುಡಿಸಿ ಒಗೀತೈತಿ. ಇವತ್ತೋ ನಾಳೆಯೋ. ಹೆಸರು ಲ್ಯಾಪ್‌ಟಾಪಿನ ಕೂಡ ಹೋತು. ಅಂಕಿ, ಇಂಗ್ಲಿಷ್ ಅಕ್ಷರ ಕೂಡಿದ ಹೆಸರು, ಯಾರಿಗೆ ನೆನಪಿರತೈತಿ?"

ಮುದಕವ್ವ ತಲೆ ಎತ್ತಿದಳು. "ಕಡೀ ಹಾಡು ಏರಸಿದಾಗ ನೀ ಓದಿ ಹೇಳಿದ್ದಿಯಲ್ಲಾ, ಅದನ? ಅದಕ್ಕ ಅಕ್ಕ ಒಡಪು ಕಟ್ಟಿದ್ಲಲ್ಲ ಮಗಳ!"

ಅಂಕಿತಾಳಿಗೆ ಬದುವಿನ ಮೇಲಿನ ಆ ನಗು ನೆನಪಾಯಿತು. ಹೊಸ ಸೊಸೆ ಗಂಡನ ಹೆಸರನ್ನು ಒಡಪಿನಲ್ಲಿಟ್ಟು ಹೇಳುವತನಕ ನಾದಿನಿಯರು ಹೊಸ್ತಿಲು ದಾಟಗೊಡುವುದಿಲ್ಲ. 'ಗಂಡನ ಹೆಸರಿಗೆ ಒಡಪು ಹಾಕೇನಿ, ನನ್ನ ಹಾಡಿನ ಹೆಸರಿಗೆ ಹಾಕಬಾರದನ?' ಎಂದಿದ್ದಳು ಕರೆವ್ವ.

ಮುದಕವ್ವ ಕಣ್ಣು ಮುಚ್ಚಿ ಹೇಳಿದಳು:

"ಏಳು ಮಂದಿ ಗೆಳತ್ಯಾರು, ನಂದಿಯಪ್ಪಗ ದೀಪ ಐದು,
ಎರಡು ಎತ್ತಿನ ಬಂಡ್ಯಾಗ ಸೀಗಿ ಹುಣ್ಣಿವಿ ಎಡಿ ಒಯ್ದು,
ಮೂರುಸಂಜಿಗೆ ಒಂಬತ್ತು ಹಾಡ, ಹೆಸರ ಇಟ್ಟೇನಿ ಕಾಯ್ದು."

ಸೀಗಿ ಎಂದರೆ ಸಿ. ಉಳಿದವು ಅಂಕಿ. ಅಂಕಿತಾಳ ಬೆರಳು ನಂದಿಯ ಹತ್ತಿರ ನಿಂತಿತು. "ದೊಡ್ಡವ್ವ, ಈ ಹೆಸರಿನ್ಯಾಗ ಎ ಇಂದ ಎಫ್ ತನಕ ಅಷ್ಟ ಬರ್ತಾವ. ನಂದಿಗೆ ಅಕ್ಷರಿಲ್ಲ."

ಮುದಕವ್ವನ ಮುಖ ಇಳಿಯಿತು. ಸೆರಗು ಬಾಯಿಗೆ ಒತ್ತಿಕೊಂಡಳು. ಬಾಗಿಲಲ್ಲಿ ಸವಣೂರ ವೀಳ್ಯದೆಲೆ ಮೆಲ್ಲುತ್ತಿದ್ದ ಗಂಡ ಬಸವಣ್ಣೆಪ್ಪ ನಕ್ಕ.

"ತಪ್ಪು ನಂದವ್ವಾ. ಅಲ್ಲಿ ನನ್ನ ಹೆಸರೈತಿ. ಮದವಿ ಆದಾಗಿಂದ ಇಕಿ ಗುಡ್ಯಾಗಿನ ದೇವರನ್ನೂ ನಂದಿಯಪ್ಪ ಅಂತನ ಕರೀತಾಳ. ಅಂದುಬಿಡ, ನಾ ಕಿವಿ ಮುಚ್ಕೋತೇನಿ."

"ಮುಚ್ಕೋಬ್ಯಾಡ್ರಿ. ಕೇಳ್ರಿ." ಮುದಕವ್ವ ಬಾಯಿಂದ ಸೆರಗು ತೆಗೆದಳು. "ಅಕ್ಕನ ಹೆಸರು ಅಳಿಸಿದವ್ರು ಆರಾಮ ಅದಾರ. ನಾ ಹೆಸರು ಅಂದ್ರ ಯಾವ ಪಾಪ ಬರತೈತಿ? ಬಸವಣ್ಣ. ಬಸವಣ್ಣಗ ದೀಪ ಐದು."

ದೇವರ ಮುಂದೆ ನಿಂತವಳಂತೆ ಕೈ ಮುಗಿದಿದ್ದಳು. ಅಂಕಿತಾ ಬಿ ಒತ್ತಿದಳು. ಪುಟ ತೆರೆಯಿತು. ಮೇಲೊಂದು ಹಳದಿ ಪಟ್ಟಿ.

"ಏನಂತೈತಿ?"

"ಇದು ಭಂಡಾರದ ಗಿಡದಾಗ ಯಾವ ಕೊಂಬಿಗೂ ಸೇರಿದ್ದಲ್ಲ ಅಂತ."

"ಕೊಂಬಿಗೆ ಸೇರದಿದ್ರ ಬ್ಯಾಡ. ಬೇರಿಗೆ ಸೇರೈತಿ ಅನ್ನು."

ಕೆಳಗೆ ಹೆಸರುಗಳಿದ್ದವು. ಮೊದಲನೆಯದು ಕರೆವ್ವ. ಅಂಕಿತಾ ಎಲ್ಲವನ್ನೂ ತನ್ನ ಕಂಪ್ಯೂಟರಿಗೆ ಎಳೆದು, ಹೊಸ ಕೊಂಬೆ ಮಾಡಿ ಅದಕ್ಕೆ ಕರೆವ್ವ ಎಂದೇ ಹೆಸರಿಟ್ಟಳು. ಆಮೇಲೆ ಹಾಡು ಹಚ್ಚಿದಳು. ಕತ್ತರಿ ತಾಗದ ದನಿ ಮನೆ ತುಂಬಿತು:

"ಕಿತ್ತ ಕಸವೆಲ್ಲ ನಂದ, ನಿಂತ ತೆನಿ ಯಾರ್ದ, ತಂಗಿ?"

ಮುದಕವ್ವ ಅಳಲಿಲ್ಲ. "ಇದನ್ನ ನನ್ನ ಫೋನಿಗೆ ಹಾಕಿಕೊಡು," ಎಂದಳು.

ಮುಂದಿನ ಸೋಮವಾರ ಕಂಪನಿಯ ಗಾಜಿನ ಬಾಗಿಲಿಗೆ ತಡಸದ ಹೆಂಗಸರು ಬಂದು ನಿಂತರು. ಎಣ್ಣೆ ಬಂದು ಕೆಲಸ ಹೋದವರು. ಎಲ್ಲರ ಫೋನಿಗೂ ಸುಗ್ಗಿ ಕರೆ ಮಾಡಿದ್ದಳು. ಲೋಹಿತ ಒಳಗಿನಿಂದ ಚಿಲಕ ಹಾಕಿದ.

"ಯಾರು ನೀವೆಲ್ಲ?"

"ನಾ ಮುದಕವ್ವ."

"ನಾ ಮಂಜುಳಾ."

"ನಾ ದಾನವ್ವ."

ಒಬ್ಬೊಬ್ಬರೂ ಹೆಸರು ಹೇಳಿದರು. ಸಾಲು ಮುಗಿದಾಗ ಮುದಕವ್ವ ಫೋನು ಎತ್ತಿ ಹಿಡಿದಳು. ಕರೆವ್ವ ಹಾಡಿದಳು. ಒಳಗೆ ಯಂತ್ರವೂ ಅದೇ ದನಿಯಲ್ಲಿ ಯಾರಿಗೋ ಹೇಳುತ್ತಿತ್ತು: ನಾ ನಿಮ್ಮ ಸುಗ್ಗಿ ಮಾತಾಡಾಕತ್ತೇನಿ.

ಲೋಹಿತ ಪರದೆ ಎಳೆದ. ಹೆಂಗಸರು ಹೊಸ್ತಿಲ ಮೇಲೆ ಕುಳಿತರು. ಮುದಕವ್ವ ಗಾಜು ಬಡಿದಳು.

"ಹೆಸರು ಹೇಳೀವಲ್ಲೊ. ಬಾಗಲಾ ತಗಿ."