ಅಂಗಡಿ ಹೆಸರು ಕೇಳಬಾರದು

ರಬಕವಿಯ ನೀಲಕಂಠಪ್ಪ ದಲಾಲಿ ಬಿಟ್ಟು ವರ್ಷಗಳೇ ಕಳೆದಿದ್ದವು. ದಲಾಲಿ ಮಾತ್ರ ಅವನನ್ನು ಬಿಟ್ಟಿರಲಿಲ್ಲ. ನೇಕಾರರ ಸೀರೆಗಳನ್ನು ಊರೂರ ಅಂಗಡಿಗೆ ಒಯ್ದು ವ್ಯಾಪಾರ ಕುದುರಿಸಿ ಕೊಟ್ಟ ಮನುಷ್ಯ. ಮದುವೆಯ ಊಟಕ್ಕೆ ಹೋದರೂ ಎದುರು ಪಂಕ್ತಿಯವರ ಸೀರೆ ಎಷ್ಟು ವರ್ಷ ಬಾಳೀತು ಎಂದು ನೋಡುತ್ತಲೇ ಹೋಳಿಗೆ ಮುಗಿಸುತ್ತಿದ್ದ.

ಮಗಳು ಉಜ್ವಲಾಳನ್ನು ಪಕ್ಕದ ಬನಹಟ್ಟಿಗೇ ಕೊಟ್ಟಿದ್ದ. ಅಳಿಯ ಪ್ರಭುಲಿಂಗನ ಮನೆ ತುಂಬ ಪಾವರ್‌ಲೂಮು. ಆ ಸದ್ದಿನಲ್ಲಿ ಫೋನಿನಲ್ಲಿ ಮಾತಾಡುವುದು ಎಲ್ಲಿಯದು? ಅದಕ್ಕೇ ಆಕೆ ದಿನಾ ಬೆಳಿಗ್ಗೆ ಸ್ಕೂಟಿ ಹತ್ತಿ ತವರಿಗೆ ಬಂದು, ಮಾಳಿಗೆ ಮೇಲಿನ ಕೋಣೆಯಲ್ಲಿ ಲ್ಯಾಪ್‌ಟಾಪ್ ತೆರೆಯುತ್ತಿದ್ದಳು. ಮಂದಿ ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ಅವಳ ಕೆಲಸ.

“ತಪ್ಪು ಹುಡುಕಿದ್ರ ಪಗಾರ ಕೊಡತಾರಂದ್ರ ನಿಮ್ಮವ್ವ ಇಷ್ಟೊತ್ತಿಗೆ ಸಾವಕಾರ್ತಿ ಆಗಬೇಕಿತ್ತಲ್ಲ,” ಎಂದು ನೀಲಕಂಠಪ್ಪ ಅಡುಗೆಮನೆಯ ಕಡೆ ನೋಡಿ ನಗುತ್ತಿದ್ದ. ದಾನಮ್ಮ ಒಳಗಿನಿಂದಲೇ ತಕ್ಕ ಉತ್ತರ ಕೊಡುತ್ತಿದ್ದಳು.

ದೀಪಾವಳಿ ಮುಗಿದ ಮೇಲೆ ಆ ಕಂಪನಿ ಬಾಗಿಲು ಹಾಕಿತು. ಮನೆಯಲ್ಲೇ ಕೂತು ಮಾಡುವಂಥ ಇನ್ನೊಂದು ಕೆಲಸ ಸಿಗದಿದ್ದರೆ ಉಜ್ವಲಾ ಗಂಡ, ಮಗಳನ್ನು ಬಿಟ್ಟು ಪುಣೆಗೆ ಹೋಗಬೇಕು. ಇಲ್ಲವೇ ಕಲಿತದ್ದನ್ನೆಲ್ಲ ಕಟ್ಟಿ ಅಟ್ಟಕ್ಕೆ ಹಾಕಬೇಕು. ಎರಡೂ ಬೇಡವಾಗಿದ್ದವು ಅವಳಿಗೆ. ಅಷ್ಟರಲ್ಲಿ ಹುಬ್ಬಳ್ಳಿಯಿಂದ ಪರಮಾನಂದ ಎಂಬ ರಿಕ್ರೂಟರ್ ಫೋನ್ ಮಾಡಿದ. ಕಂಪನಿಗಳಿಗೆ ಜನರನ್ನು ಹುಡುಕಿಕೊಡುವವನು. ದೊಡ್ಡ ಕಂಪನಿ, ಮನೆಯಿಂದಲೇ ಕೆಲಸ, ನಿಮ್ಮ ರೆಸ್ಯೂಮೆ ಕಳಿಸಲೇ ಎಂದು ಕೇಳಿದ. ಕಂಪನಿಯ ಹೆಸರು ಮಾತ್ರ ಹೇಳಲಿಲ್ಲ.

“ಹೆಸರ ಕೇಳ್ಲೇನಪ್ಪಾ?” ಎಂದು ಉಜ್ವಲಾ ಫೋನಿಗೆ ಕೈ ಅಡ್ಡ ಹಿಡಿದು ಕೇಳಿದಳು.

ನೀಲಕಂಠಪ್ಪ ಹಾವು ಕಂಡವನಂತೆ ಕೈ ಬೀಸಿದ. “ಎಲ್ಲೆರ ಉಂಟೇನ? ದಲಾಲನ್ನ ಅಂಗಡಿ ಹೆಸರ ಕೇಳಬಾರದು. ಹೇಳಿದ್ರ ನೇಕಾರ ಸೀದಾ ಅಂಗಡಿಗೇ ಹೋಗ್ತಾನ, ದಲಾಲನ ಹೊಟ್ಟಿ ಮ್ಯಾಲ ಕಲ್ಲು. ಹೂಂ ಅನ್ನು, ಸುಮ್ಕಿರು.”

ಉಜ್ವಲಾ ಹೂಂ ಅಂದಳು. ಎರಡು ದಿನ ಬಿಟ್ಟು ಪುಣೆಯ ಇನ್ನೊಂದು ಏಜೆನ್ಸಿಯಿಂದ ಕಾವ್ಯ ಎಂಬಾಕೆ ಹೆಚ್ಚು ಕಡಿಮೆ ಅದೇ ಮಾತು ಆಡಿದಳು; ಕಂಪನಿಯ ಹೆಸರು ಅವಳೂ ಹೇಳಲಿಲ್ಲ. ಹೂಂ ಅನ್ನು ಎಂದು ಅಪ್ಪ ಮತ್ತೆ ತಲೆಯಾಡಿಸಿದ. ಅವನ ದಂಧೆಯಲ್ಲಿ ಒಂದೇ ನಮೂನೆಯ ಸೀರೆ ಮೂವರು ದಲಾಲರ ಕೈಯಲ್ಲಿ ತಿರುಗುವುದು ತಪ್ಪೇ ಅಲ್ಲ. ಇಬ್ಬರು ಒಂದೇ ಅಂಗಡಿಗೆ ಹೋಗಿ ಮುಖ ಮುಖ ನೋಡಿಕೊಂಡರೆ, ಚಹಾ ಕುಡಿದು ದಲಾಲಿಯನ್ನು ಅರ್ಧಾ ಅರ್ಧಾ ಮಾಡಿಕೊಂಡರಾಯಿತು. ಗಿರಾಕಿ ಕೆಡಬಾರದು, ಅಷ್ಟೇ. ಉಜ್ವಲಾ ಕಾವ್ಯಳಿಗೂ ಹೂಂ ಅಂದಳು.

ಮುಂದಿನ ವಾರ ಆಕೆ ಮಾಳಿಗೆಯಿಂದ ಇಳಿದು ಬಂದಾಗ ಮುಖದಲ್ಲಿ ರಕ್ತವಿರಲಿಲ್ಲ. ಇಬ್ಬರೂ ಕಳಿಸಿದ್ದು ಒಂದೇ ಕಂಪನಿಗೆ. ಒಂದೇ ಹೆಸರು ಎರಡು ಏಜೆನ್ಸಿಯಿಂದ ಬಂದದ್ದು ನೋಡಿ, ನಾಳೆ ಕಮಿಷನ್ ಯಾರಿಗೆಂಬ ಜಗಳವೇ ಬೇಡವೆಂದು ಕಂಪನಿಯವರು ಅವಳನ್ನೇ ಕೈಬಿಟ್ಟಿದ್ದರು. ಮಾತಾಡಿಸಿ ಕೂಡ ನೋಡಿರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಆಕೆ ನೀರು ಕುಡಿಯಲು ಒಳಗೆ ಹೋದದ್ದೇ ತಡ, ನೀಲಕಂಠಪ್ಪ ಅವಳ ಫೋನಿನಿಂದಲೇ ಪರಮಾನಂದನಿಗೆ ಹಚ್ಚಿದ. ದಲಾಲ ದಲಾಲನ ಕೂಡ ಮಾತಾಡಿದರೆ ಬಗೆಹರಿಯದ್ದು ಯಾವುದಿದೆ ಎಂಬ ಧೈರ್ಯ.

“ನಮಸ್ಕಾರ್ರೀ, ನಾ ಉಜ್ವಲಾನ ತಂದಿ. ಪುಣೆದಾಕಿ ಕೂಡ ಮಾತಾಡಿ ಅರ್ಧಾ ಅರ್ಧಾ ಮಾಡ್ಕೊಳ್ರಿ. ನಮ್ಮ ಹುಡುಗಿ ಕೆಲಸ ಕೆಡಸಬ್ಯಾಡ್ರಿ.”

ಪರಮಾನಂದ ಮಾತಿನ ನಡುವೆಯೇ ತಡೆದ. “ಕಾಕಾರೀ, ಇಲ್ಲಿ ಹಂಗ ನಡಿಯೂದಿಲ್ರಿ. ನನಗ ಹೂಂ ಅಂದು ಮತ್ತೊಬ್ಬರಿಗೂ ಹೂಂ ಅಂದಾರ ನಿಮ್ಮ ಮಗಳು. ಕಂಪನಿಯವರ ಮುಂದ ನನ್ನ ಮುಖ ಹೋತು.”

ಬಾಗಿಲಲ್ಲಿ ಉಜ್ವಲಾ ನಿಂತಿದ್ದಳು. ನೀಲಕಂಠಪ್ಪನಿಗೆ ಕಳ್ಳನಂತೆ ಸಿಕ್ಕಿಬಿದ್ದ ಹಾಗಾಯಿತು.

“ಅಪ್ಪಾ, ಸೀರಿ ಯಾರಿಗೂ ಹೂಂ ಅನ್ನೂದಿಲ್ಲ,” ಎಂದಳು ಮೆಲ್ಲಗೆ. “ಅದಕ್ಕ ಅದನ್ನ ಹತ್ತು ಮಂದಿ ಒಯ್ದ್ರೂ ನಡಿತೈತಿ. ನಾ ಬಾಯಿಬಿಟ್ಟು ಇಬ್ಬರಿಗೂ ಹೂಂ ಅಂದೇನಿ. ಫೋನ್ ಕೊಡಿಲ್ಲೆ.”

ಕ್ಷಮೆ ಕೇಳುತ್ತಾಳೆ ಎಂದುಕೊಂಡ ಅಪ್ಪ. ಕೇಳಿದಳು ಕೂಡ. ಆದರೆ ಅಲ್ಲಿಗೇ ಬಿಡಲಿಲ್ಲ.

“ಪರಮಾನಂದ ಅವರ, ತಪ್ಪು ನನ್ನದೂ ಐತ್ರಿ. ಕೇಳಬೇಕಿತ್ತು, ಕೇಳಲಿಲ್ಲ. ಆದ್ರ ನೀವೂ ಹೇಳಲಿಲ್ಲ. ಕಂಪನಿ ಹೆಸರ ಒಂದು ಹೇಳಿದ್ರ ಎರಡನೇದವರಿಗೆ ನಾ ಒಲ್ಲೆ ಅಂತಿದ್ದೆ. ನಿಮ್ಮ ಕಮಿಷನ್ ಎಲ್ಲೆ ತಪ್ಪೀತೋ ಅಂತ ಹೆಸರ ಮುಚ್ಚಿಟ್ರಿ. ನಿಮಗ ಒಂದು ಕಮಿಷನ್ ಹೋತು. ನನಗ ಊರು ಬಿಡೂ ಹೊತ್ತು ಬಂತು. ನಾ ಯಾರ ಕಡೆ ಹೊಂಟೇನಿ ಅನ್ನೂದು ನನಗ ಗೊತ್ತಿರಬಾರದೇನ್ರಿ?”

ನೀಲಕಂಠಪ್ಪನಿಗೆ ಮೊದಲು ಸಿಟ್ಟು ಬಂತು. ಮನೆ ಬಾಗಿಲಿಗೆ ಬಂದ ದಲಾಲನ ಕೂಡ ಹೀಗೆಲ್ಲ ಮಾತಾಡುತ್ತಾರೆಯೇ? ತಾನು ಕಾಲು ಸವೆಸಿಕೊಂಡು ತಿರುಗಿದ ಅಷ್ಟೂ ವರ್ಷ ಒಬ್ಬ ನೇಕಾರನೂ ಒಂದು ಮಾತು ಅಂದಿರಲಿಲ್ಲ. ಸೀರೆ ಮಡಚಿ ಕೈಗೆ ಕೊಟ್ಟು, ಯಾವ ಊರಿಗೆ, ಯಾವ ಅಂಗಡಿಗೆ ಎಂದು ತುಟಿಯವರೆಗೆ ಬಂದದ್ದನ್ನು ನುಂಗಿ, ಹೂಂ ಅಂದು ಸುಮ್ಮನಿರುತ್ತಿದ್ದರು. ಅದನ್ನು ಅವನು ವಿಶ್ವಾಸ ಎಂದು ತಿಳಿದಿದ್ದ. ಬೇರೆ ದಾರಿ ಇಲ್ಲದ್ದಕ್ಕೆ ಸುಮ್ಮನಿದ್ದರು ಎಂಬುದು ಈಗ ತಿಳಿಯಿತು.

ಪರಮಾನಂದ ಏನೋ ಹೇಳುತ್ತಿದ್ದ. ಇನ್ನೊಂದು ಕಂಪನಿ ಇದೆ, ಈ ಸಲ ಹೆಸರು ಮೊದಲೇ ಹೇಳುತ್ತೇನೆ ಎಂಬಂತಿತ್ತು.

“ನಾಳೆ ಹೇಳ್ರಿ. ಇವತ್ತ ನನಗ ಸಿಟ್ಟ ಬಂದೈತಿ,” ಎಂದು ಉಜ್ವಲಾ ಫೋನ್ ಇಟ್ಟಳು.

ದಾನಮ್ಮ ಚಹಾ ತಂದಿಟ್ಟು, ಇಬ್ಬರ ಮುಖವನ್ನೂ ನೋಡಿ ಒಳಗೆ ಹೋದಳು. ನೀಲಕಂಠಪ್ಪ ಬಟ್ಟಲು ಮುಟ್ಟಲಿಲ್ಲ.

“ನೀ ಯಾಕ ಹಂಗ ಕುಂತಿ?” ಎಂದಳು ಮಗಳು.

“ಆಂವಗ ಅಂದದ್ದು ನನಗ ಅಂದಂಗಾತು.”

ಉಜ್ವಲಾ ಚಹಾದ ಬಟ್ಟಲನ್ನು ಅಪ್ಪನ ಕೈಗೆ ಕೊಟ್ಟಳು.

“ನಿನಗೂ ಅಂದೇನಿ, ಅಪ್ಪಾ,” ಎಂದಳು.